ನನ್ನ ಎಡ ಮಂಡಿ

ದೋಣಿ ಸ್ಪರ್ಧೆ ಎಂದ ಕೂಡಲೇ ಜನ ಕೂತು ಹುಟ್ಟು ಹಾಕುವುದನ್ನು ಕಲ್ಪಿಸಿಕೊಳ್ಳುತ್ತಾರೆ. ನಾವು ಕೂರುವುದಿಲ್ಲ. ಕಯಾಕ್‌ನವರು ಕಾಲು ಚಾಚಿ ಕೂತು ಎರಡೂ ಕಡೆ ಹುಟ್ಟು ಹಾಕುತ್ತಾರೆ, ಅವರ ಪುಣ್ಯ. ನಮ್ಮದು ಕನೂ. ಹುಟ್ಟು ಹಾಕುವ ಕಡೆಯ ಮಂಡಿಯೂರಿ, ಇನ್ನೊಂದು ಕಾಲನ್ನು ಮುಂದಕ್ಕಿಟ್ಟು, ಒಂದೇ ಕಡೆ ಹುಟ್ಟು ಹಾಕಬೇಕು. ಯಾವ ಕಡೆ ಕಲಿತೆವೋ ಕೊನೆಯವರೆಗೂ ಅದೇ ಕಡೆ. ನಾನು ಎಡಗಡೆಯವನು. ಹಾಗಾಗಿ ಹದಿನಾರನೇ ವಯಸ್ಸಿನಿಂದ ನನ್ನ ಮೈಭಾರವೆಲ್ಲ ಬಿದ್ದದ್ದು ಎಡ ಮಂಡಿಯ ಮೇಲೆ.

ದೆಹಲಿಯಲ್ಲಿ ದೋಣಿ ಓಡಿಸುವಷ್ಟು ನೀರೆಲ್ಲಿದೆ ಎಂದು ಊರಿನವರು ಕೇಳುತ್ತಿದ್ದರು. ವಜೀರಾಬಾದಿನ ಬ್ಯಾರೇಜಿನಿಂದ ಮೇಲಕ್ಕೆ ಯಮುನೆ ಇನ್ನೂ ನದಿಯ ಹಾಗೆಯೇ ಇರುತ್ತದೆ. ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಿಂದ ರಿಂಗ್ ರೋಡಿಗೆ ಬಂದು, ಆ ರಸ್ತೆಯಲ್ಲೇ ಊರು ಸುತ್ತುವ ಮುದ್ರಿಕಾ ಬಸ್ಸುಗಳಲ್ಲಿ ಬೆಳಗಿನ ಮೊದಲನೆಯದನ್ನು ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಅಪ್ಪ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ತುಮಕೂರಿನ ಕಡೆಯಿಂದ ಬಂದು ಫೈಲುಗಳ ನಡುವೆ ತಲೆ ನರೆಸಿಕೊಂಡವರು. "ಹುಟ್ಟು ಹಾಕೋದೂ ಒಂದು ಆಟವೇನೋ?" ಎಂದು ಅವರು ಕೇಳಿದ್ದು ಒಂದೆರಡು ಸಲವಲ್ಲ. ಅದೇ ಆಟದ ಕೋಟಾದಲ್ಲಿ ನನಗೆ ಕೇಂದ್ರ ಸರ್ಕಾರದ ಗುಮಾಸ್ತೆ ಕೆಲಸ ಸಿಕ್ಕಿದ ಮೇಲೆ ಕೇಳುವುದನ್ನು ಬಿಟ್ಟರು. ಒಪ್ಪಿಕೊಂಡರು ಎಂದಲ್ಲ, ಸುಮ್ಮನಾದರು.

ನನ್ನ ಜೊತೆಗಾರ ಸತ್ಪಾಲ್. ನದಿಯ ಪಕ್ಕದ ಹಳ್ಳಿಯವನು, ಜಾಟರ ಹುಡುಗ, ಬಾಗಿಲಲ್ಲಿ ತುಸು ವಾರೆಯಾಗಿ ಬರಬೇಕಾದಷ್ಟು ಅಗಲದ ಭುಜ. ಇಬ್ಬರ ದೋಣಿಯಲ್ಲಿ ಅವನು ಮುಂದೆ, ಬಲಗಡೆ. ನಾನು ಹಿಂದೆ, ಎಡಗಡೆ. ಅವನು ಲಯ ಹಿಡಿಯಬೇಕು, ನಾನು ದೋಣಿ ನೆಟ್ಟಗಿಡಬೇಕು. ನನ್ನ ಯೌವನದಲ್ಲಿ ನಾನು ಅತಿ ಹೆಚ್ಚು ನೋಡಿದ್ದು ಸತ್ಪಾಲನ ಬೆನ್ನನ್ನು. ಆ ಬೆನ್ನು ನೋಡಿಯೇ ಅವನಿಗೆ ಜ್ವರವೋ, ಸಿಟ್ಟೋ, ಹಿಂದಿನ ದಿನ ಮದುವೆ ಊಟ ಹೊಡೆದಿದ್ದಾನೋ ಹೇಳಬಲ್ಲವನಾಗಿದ್ದೆ. ಐನೂರು ಮೀಟರಿನಲ್ಲಿ ನಾವು ಮೂರು ವರ್ಷ ಸತತವಾಗಿ ರಾಷ್ಟ್ರೀಯ ಚಾಂಪಿಯನ್ನರು. ಹೊರದೇಶದಲ್ಲಿ ಒಂದು ಸಲ ನಾಲ್ಕನೆಯವರಾಗಿ ಬಂದೆವು. ಮುಂದಿನ ಸಲ ಪದಕ ಎಂದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಕನೂದವರಲ್ಲಿ ಒಂದು ಪದ್ಧತಿಯಿತ್ತು. ಹೊಸ ಹುಡುಗರ ಮಂಡಿ ಉಜ್ಜಿ ಉಜ್ಜಿ ಊದಿಕೊಂಡು, ಚರ್ಮ ದಪ್ಪಗಟ್ಟಿ ಗಂಟಾದರೆ ಹಿರಿಯರು ಹೆಬ್ಬೆರಳಿನಿಂದ ಒತ್ತಿ ನೋಡಿ ಬೆನ್ನು ತಟ್ಟುತ್ತಿದ್ದರು. ಕೋಚ್ ಸಾಹೇಬರು ಹೊಸಬರನ್ನು ಸಾಲಾಗಿ ನಿಲ್ಲಿಸಿ, ನನ್ನ ಪ್ಯಾಂಟು ಮಡಚಿಸಿ, "ಇದು ನೋಡಿ, ಇದು ಚಾಂಪಿಯನ್ನನ ಮಂಡಿ" ಎಂದು ತೋರಿಸುತ್ತಿದ್ದರು. ಆ ವರ್ಷದ ಚಳಿಗಾಲದಲ್ಲಿ ನನ್ನ ಮಂಡಿ ಹಿಂದೆಂದಿಗಿಂತ ದೊಡ್ಡದಾಗಿತ್ತು. ಮೆತ್ತಗೆ, ಬಿಸಿಯಾಗಿ, ಹಿಟ್ಟು ತುಂಬಿದ ಹಾಗೆ. ಎಲ್ಲರೂ ಒತ್ತಿ ನೋಡಿದರು. ಎಲ್ಲರೂ ಮೆಚ್ಚಿಕೊಂಡರು. ನಾನೂ ಹೆಮ್ಮೆಯಿಂದಲೇ ತೋರಿಸುತ್ತಿದ್ದೆ. ಬೇರೆ ಯಾವ ಆಟದವನಾಗಿದ್ದರೂ ವಾರದೊಳಗೆ ಡಾಕ್ಟರ ಹತ್ತಿರ ಓಡುತ್ತಿದ್ದ. ನಮಗೆ ಊದಿದ ಮಂಡಿ ರೋಗವಲ್ಲ, ಬಿರುದು.

ಸಂಜೆ ಮೈ ಬೆಚ್ಚಗಾಗುವುದು, ಊಟ ಸೇರದಿರುವುದು, ಎಡ ತೊಡೆ ಸೊರಗುವುದು ಒಂದೊಂದಾಗಿ ಬಂದವು. ಒಂದಕ್ಕೂ ಮಂಡಿಗೂ ಸಂಬಂಧ ಕಲ್ಪಿಸಲಿಲ್ಲ. ಫೆಬ್ರವರಿಯ ಒಂದು ಬೆಳಗ್ಗೆ, ಅಭ್ಯಾಸದ ಓಟದ ನಡುವೆ, ಮಂಡಿ ಒಳಗಿನಿಂದ ಕುಸಿಯಿತು. ದೋಣಿ ಮಗುಚಿತು. ಚಳಿಯ ನೀರಿನಲ್ಲಿ ಸತ್ಪಾಲ್ ತಲೆಯೆತ್ತಿ ನನ್ನ ಕಡೆ ತಿರುಗಿ, "ಗುರು, ಕ್ಯಾ ಹುವಾ?" ಎಂದ. ಏನಾಯಿತೆಂದು ನನಗೂ ಗೊತ್ತಿರಲಿಲ್ಲ. ದೋಣಿ ಹಿಡಿದುಕೊಂಡು ದಡಕ್ಕೆ ಈಜಿದೆವು. ದಡದಲ್ಲಿ ಎದ್ದು ನಿಲ್ಲಲು ನನ್ನಿಂದ ಆಗಲಿಲ್ಲ.

ನಮ್ಮ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ರಿಂಗ್ ರೋಡು ದಾಟಿದರೆ ದೊಡ್ಡ ಸರ್ಕಾರಿ ಆಸ್ಪತ್ರೆ. ಕರ್ನಾಟಕದಿಂದ ಹೃದಯ, ಕಿಡ್ನಿ, ಗೆಡ್ಡೆ ಎಂದು ಬರುವ ನೆಂಟರು, ನೆಂಟರ ನೆಂಟರು, ಪಕ್ಕದ ಬೀದಿಯವರ ಷಡ್ಡಕರು ಎಲ್ಲರೂ ಇಳಿಯುತ್ತಿದ್ದದ್ದು ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ. ಹಾಲಿನಲ್ಲಿ ಯಾವಾಗಲೂ ಒಂದು ಹಾಸಿಗೆ ಸುತ್ತಿಟ್ಟಿರುತ್ತಿತ್ತು. ಚೀಟಿ ಎಲ್ಲಿ ಮಾಡಿಸಬೇಕು, ಯಾವ ಸಾಲು ಬೇಗ ಸಾಗುತ್ತದೆ, ಯಾವ ಗೇಟಿನ ಕಾವಲುಗಾರ ಗದರುತ್ತಾನೆ ಎಂಬುದೆಲ್ಲ ಅಮ್ಮನಿಗೆ ಬಾಯಿಪಾಠ. ಬಂದವರಿಗೆಲ್ಲ, "ಏನೂ ಹೆದರಬೇಡಿ, ಇಲ್ಲಿಗೆ ಬಂದ ಮೇಲೆ ಆಯ್ತು" ಎಂದು ಸಾರನ್ನ ಬಡಿಸುತ್ತಿದ್ದಳು. ನನ್ನನ್ನು ಕರೆದುಕೊಂಡು ಹೊರಟ ದಿನ ಅದೇ ಅಮ್ಮನಿಗೆ ಚೀಟಿ ಮಾಡಿಸುವ ಕೌಂಟರಿನ ದಾರಿ ತಪ್ಪಿತು. ಬೇರೊಂದು ಕಟ್ಟಡದ ಮುಂದೆ ಹೋಗಿ ನಿಂತು, "ಇಲ್ಲೇ ಇತ್ತಲ್ಲೋ" ಎಂದು ಸುತ್ತ ನೋಡಿದಳು.

ಮೂಳೆ ವಿಭಾಗದ ಕಾಯುವ ಜಾಗ ಎಂದರೆ ಉದ್ದನೆಯ ಓಣಿ. ಬೆಂಚು ಸಿಕ್ಕರೆ ಅದೃಷ್ಟ. ಬಿಹಾರದವರು, ಮೇವಾತಿನವರು, ಹಿಮಾಲಯದ ಗುಡ್ಡದವರು ಎಲ್ಲರೂ ತಮ್ಮ ತಮ್ಮ ಎಕ್ಸ್‌ರೇಗಳನ್ನು ದೊಡ್ಡ ಲಕೋಟೆಯಲ್ಲಿ ಹಿಡಿದು ಕೂತಿರುತ್ತಿದ್ದರು. ಹೊರಗೆ ಚೌಕದಲ್ಲಿ ಮೇಲ್ಸೇತುವೆಯ ಕೆಲಸ ನಡೆದಿತ್ತು, ಧೂಳು ಅಲ್ಲಿಯವರೆಗೂ ಬರುತ್ತಿತ್ತು. ಪಕ್ಕದಲ್ಲಿದ್ದ ಒಬ್ಬ ಸರ್ದಾರಿಣಿ ಅಜ್ಜಿ ನನ್ನ ಭುಜ ನೋಡಿ, "ಪುತ್ತರ್, ತೂ ಪಹಿಲ್ವಾನ್ ಹೈ?" ಎಂದು ಕೇಳಿದಳು. ದೋಣಿಯವನು ಎಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ತನ್ನ ಡಬ್ಬಿಯಿಂದ ಒಂದು ಮೂಲಂಗಿ ಪರಾಠ ತೆಗೆದು ಕೈಗಿಟ್ಟಳು. ತಿಂಗಳುಗಳ ನಂತರ ಅಂದು ಮೊದಲ ಬಾರಿ ನನಗೆ ಹಸಿವಾಯಿತು.

ಮಂಡಿಯಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ಡಾಕ್ಟರು ಎರಡೇ ಅಕ್ಷರ ಹೇಳಿದರು. ಟಿ.ಬಿ.

ಕ್ಷಯ ಎಂದರೆ ಎದೆಯ ಕಾಯಿಲೆ, ಕೆಮ್ಮು, ರಕ್ತ ಎಂದಷ್ಟೇ ನಮಗೆ ಗೊತ್ತಿದ್ದದ್ದು. ಮಂಡಿಗೂ ಬರುತ್ತದೆಯೆ? ಬರುತ್ತದೆ. ಇದು ಯಾರಿಗೂ ಅಂಟುವುದಿಲ್ಲ, ಮನೆಯಲ್ಲಿ ಮಾಮೂಲಾಗಿಯೇ ಇರಿ ಎಂದು ಡಾಕ್ಟರು ಬಿಡಿಸಿ ಹೇಳಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಮಂಡಿಯೂರಬಹುದಾ?" ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿ, "ಮೊದಲು ಕಾಯಿಲೆ ಹೋಗಲಿ. ಕೀಲು ಎಷ್ಟು ಉಳಿಯುತ್ತದೋ ನೋಡೋಣ" ಎಂದರು. ಆಮೇಲಿನ ಎರಡು ವರ್ಷ ನಾನು ಬದುಕಿದ್ದು ಆ "ನೋಡೋಣ" ಎಂಬ ಮಾತಿನ ಮೇಲೆ.

ಅಮ್ಮ ಮನೆಗೆ ಬಂದವಳೇ ಕಿಟಕಿಯ ಪರದೆ ಎಳೆದಳು. "ಯಾರಿಗೂ ಹೇಳೋದು ಬೇಡ. ಲಿಗಮೆಂಟ್ ಅನ್ನೋಣ." ಆದದ್ದೂ ಹಾಗೆಯೇ. ಸರೋಜಿನಿ ನಗರದ ಶಾಂತಕ್ಕನಿಂದ ಹಿಡಿದು ದೆಹಲಿಯ ಅರ್ಧ ಕನ್ನಡದವರಿಗೆ ನನ್ನದು ಲಿಗಮೆಂಟ್. ಒಬ್ಬರು ನೀಲಗಿರಿ ತೈಲ ತಂದರು, ಒಬ್ಬರು ಎಳ್ಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ತಂದರು. ಶಾಂತಕ್ಕ ಸ್ವತಃ ತಿಕ್ಕಿಕೊಡಲು ಬಂದು ಕೂತುಬಿಟ್ಟಾಗ ಅಮ್ಮ ಪಟ್ಟ ಪಾಡು ನೋಡಿ, ನೋವಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರೆಲ್ಲ ಹೋದ ಮೇಲೆ ಅಡುಗೆಮನೆಯ ಕಿಟಕಿಯ ಮೇಲೆ ಒಂದು ಸ್ಟೀಲ್ ಲೋಟ ಬೇರೆಯಾಗಿ ಇರುತ್ತಿತ್ತು. ಅದು ನನ್ನದು. ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅಮ್ಮನೂ ಕೇಳಿಸಿಕೊಂಡಿದ್ದಳು. ನಮ್ಮ ಮನೆಯಲ್ಲಿ ಯಾರೂ ಲೋಟಕ್ಕೆ ತುಟಿ ತಾಗಿಸುವವರೇ ಅಲ್ಲ, ಎಲ್ಲರೂ ಎತ್ತಿ ಕುಡಿಯುವವರು. ಆದರೂ ಆ ಲೋಟ ಬೇರೆ. ನನ್ನ ಸ್ವಂತ ತಾಯಿ ನನಗೆ ಹೆದರುತ್ತಿದ್ದಾಳೆ ಎಂದು ತಿಳಿದ ಮೇಲೆ ಏನು ಹೇಳುವುದು? ಕಾಯಿಲೆಗಿಂತ ಆ ಲೋಟವೇ ನನ್ನನ್ನು ಹೆಚ್ಚು ಅಳಿಸಿತು.

ಒಂದು ಭಾನುವಾರ ಸತ್ಪಾಲ್ ಬಂದ. ಬಿಸಿಲಿನಲ್ಲಿ ಸ್ಕೂಟರ್ ಹೊಡೆದುಕೊಂಡು ಬಂದವನು ಎಂದಿನಂತೆ ನೇರ ಅಡುಗೆಮನೆಗೆ ನುಗ್ಗಿ, ಕಿಟಕಿಯ ಮೇಲಿದ್ದ ಲೋಟವನ್ನೇ ತೆಗೆದು, ಫಿಲ್ಟರಿನಿಂದ ತುಂಬಿಸಿಕೊಂಡು, ತುಟಿ ಹಚ್ಚಿ ಗಟಗಟ ಕುಡಿದ. ಅಮ್ಮ ಸೌಟು ಹಿಡಿದು ನಿಂತೇ ಇದ್ದಳು. ಬೇಡ ಎನ್ನಲು ಬಾಯಿ ಬರಲಿಲ್ಲ, ಯಾಕೆ ಬೇಡ ಎಂದು ಹೇಳಬೇಕಾಗುತ್ತದಲ್ಲ. ಅವನು ಮತ್ತೊಂದು ಲೋಟ ಕುಡಿದು, "ಆಂಟಿ, ನಿಮ್ಮ ಮನೆ ನೀರು ಬಹಳ ತಂಪು" ಎಂದು ಹಿಂದಿಯಲ್ಲಿ ಹೊಗಳಿ ಹಾಲಿಗೆ ಬಂದ. ಅವನಿಗೆ ನನ್ನ ಕಾಯಿಲೆ ಏನೆಂದು ಮೊದಲೇ ಗೊತ್ತಿತ್ತು, ನಾನೇ ಹೇಳಿದ್ದೆ. ಲೋಟದ ವಿಷಯ ಮಾತ್ರ ಗೊತ್ತಿರಲಿಲ್ಲ. ಮಾರನೆಯ ದಿನ ಆ ಲೋಟ ಎಲ್ಲರ ಲೋಟಗಳ ಜೊತೆ ಬುಟ್ಟಿಯಲ್ಲಿತ್ತು.

ಮಾತ್ರೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಮೊದಲ ದಿನ ಎದೆ ಒಡೆದುಹೋಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಬೆಳಗ್ಗೆ ನುಂಗಿದ್ದು ಮಧ್ಯಾಹ್ನದವರೆಗೂ ಹೊಟ್ಟೆ ತೊಳಸುತ್ತದೆ. ಇದನ್ನು ಯಾರಾದರೂ ಅಂಥದೇ ಓಣಿಯ ಬೆಂಚಿನ ಮೇಲೆ ಲಕೋಟೆ ಹಿಡಿದು ಕೂತು ಓದುತ್ತಿದ್ದರೆ ಒಂದೇ ಮಾತು ಹೇಳುತ್ತೇನೆ: ಮಾತ್ರೆ ಬಿಡಬೇಡಿ. ನಾನು ಬಿಡಲಿಲ್ಲ. ರೋಗ ಹೋಯಿತು. ಆದರೆ ಹೋಗುವಾಗ ಕೀಲನ್ನು ತಿಂದುಕೊಂಡೇ ಹೋಯಿತು.

ಫಿಸಿಯೋಥೆರಪಿ ಕೋಣೆಯಲ್ಲಿ ಕಾಲು ಬಗ್ಗಿಸಿ, ಕೋನ ಅಳೆದು, ಕಾರ್ಡಿನಲ್ಲಿ ಬರೆಯುತ್ತಿದ್ದರು. ನಡೆಯಲು ಎಷ್ಟು ಬೇಕೋ ಅಷ್ಟಕ್ಕೆ ಬೇರೆಯವರು ಸಂತೋಷಪಡುತ್ತಿದ್ದರು. ನನಗೆ ನಡೆಯುವುದು ಬೇಕಿರಲಿಲ್ಲ, ಮಂಡಿಯೂರಬೇಕಿತ್ತು. ಅದಕ್ಕೆ ಕಾಲು ಅರ್ಧದಷ್ಟಾದರೂ ಮಡಿಸಬೇಕು, ಮಡಿಸಿದ್ದರ ಮೇಲೆ ಮೈಭಾರ ಹಾಕಬೇಕು. ನನ್ನದು ಸ್ವಲ್ಪ ಬಾಗಿ, ಅಲ್ಲೇ ಕಲ್ಲಿನಂತೆ ನಿಂತು, ಕಣ್ಣಲ್ಲಿ ನೀರು ತರಿಸುತ್ತಿತ್ತು. ಅಪ್ಪ ದಿನಾ ಆಫೀಸಿನಿಂದ ಬಂದವರು ಶೂ ಬಿಚ್ಚುವ ಮೊದಲೇ ಕೇಳುತ್ತಿದ್ದರು, "ಇವತ್ತು ಎಷ್ಟು ಬಗ್ಗಿತೋ?" ನಾನು ಒಂದಿಷ್ಟು ಕೂಡಿಸಿ ಹೇಳುತ್ತಿದ್ದೆ. ಅವರು ತಲೆಯಾಡಿಸಿ ಕೈಕಾಲು ತೊಳೆಯಲು ಹೋಗುತ್ತಿದ್ದರು.

ಸತ್ಪಾಲ್ ಒಂದು ಇಡೀ ಋತು ಕಾದ. ಎಡಗಡೆಯವರು ಸಿಗುವುದು ಕಷ್ಟ, ಸಿಕ್ಕವರ ಜೊತೆ ಲಯ ಕೂಡುವುದು ಇನ್ನೂ ಕಷ್ಟ. ಆದರೂ ಸೇನೆಯ ತಂಡದ ಒಬ್ಬ ಹುಡುಗನನ್ನು ಕೋಚ್ ಸಾಹೇಬರು ಹುಡುಕಿದ್ದರು. ಆಯ್ಕೆಯ ಮುನ್ನ ಸತ್ಪಾಲ್ ನನ್ನ ಮಂಚದ ಪಕ್ಕ ಕೂತು ಕಾಲ್ಬೆರಳು ನೋಡುತ್ತಾ, "ಗುರು, ನೀನು ಬರ್ತೀನಿ ಅಂದರೆ ಅವನಿಗೆ ಇಲ್ಲ ಅಂತೀನಿ" ಎಂದ. ಅಷ್ಟು ವರ್ಷ ಬೆನ್ನು ನೋಡಿ ಅವನ ಮನಸ್ಸು ತಿಳಿದವನು ಈಗ ಎದುರಿಗಿರುವ ಮುಖ ನೋಡಲಾರದೆ ಕಿಟಕಿ ನೋಡಿದೆ. "ಹೋಗು, ಅವನ ಜೊತೆ ಓಡಿಸು. ನಾನು ಬಂದಾಗ ಅವನನ್ನು ಇಳಿಸಿದರಾಯಿತು" ಎಂದೆ. ಅವನು ನಕ್ಕ. ನಾನೂ ನಕ್ಕೆ. ಅವನು ಹೋದ ಮೇಲೆ ದಿಂಬಿನಲ್ಲಿ ಮುಖ ಹುದುಗಿಸಿಕೊಂಡು ಅತ್ತೆ. ಆದರೆ ನಾನು ಹೇಳಿದ್ದು ಬಾಯಿಮಾತಲ್ಲ. ಬಂದೇ ಬರುತ್ತೇನೆ ಎಂದು ಒಳಗೆ ನಂಬಿದ್ದೆ.

ಅಪ್ಪ ನಿವೃತ್ತರಾದರು. ಕ್ವಾರ್ಟರ್ಸ್ ಬಿಟ್ಟು ದ್ವಾರಕಾದ ಸೊಸೈಟಿಯ ಮೂರನೇ ಮಹಡಿಗೆ ಹೋದೆವು. ಲಿಫ್ಟು ವಾರಕ್ಕೆರಡು ದಿನ ಕೆಟ್ಟಿರುತ್ತಿತ್ತು. ಕಾಲು ಊರಿದರೆ ನೋವು, ಮಡಿಸಿದರೆ ನೋವು, ಮಲಗಿದರೂ ನೋವು. ಕೊನೆಗೆ ಡಾಕ್ಟರು, ಅದೇ ಹಳೆಯ ಡಾಕ್ಟರು, ಅಪ್ಪನನ್ನೂ ನನ್ನನ್ನೂ ಕೂರಿಸಿಕೊಂಡು ಹಿಂದಿಯಲ್ಲಿ ವಿಷಯ ಹೇಳಿದರು. ಕೀಲು ಸವೆದುಹೋಗಿದೆ. ಈ ವಯಸ್ಸಿಗೆ, ಈ ರೋಗ ಬಂದು ಹೋದ ಮಂಡಿಗೆ ಕೃತಕ ಕೀಲು ಹಾಕುವ ಧೈರ್ಯ ತಾನು ಮಾಡುವುದಿಲ್ಲ. ಮೇಲಿನ ಮೂಳೆ, ಕೆಳಗಿನ ಮೂಳೆ ಸೇರಿಸಿ ಒಂದಾಗಿ ಬೆಸೆದುಬಿಟ್ಟರೆ ನೋವು ಹೋಗುತ್ತದೆ. ಕಾಲು ಬಾಗುವುದಿಲ್ಲ, ಆದರೆ ಗಟ್ಟಿಯಾಗುತ್ತದೆ. ಬಸ್ಸು ಹತ್ತಬಹುದು, ಆಫೀಸಿಗೆ ಹೋಗಬಹುದು, ಮೆಟ್ಟಿಲು ಹತ್ತಬಹುದು.

ಇದು ಬರುತ್ತದೆಂದು ನನಗೆ ಗೊತ್ತಿತ್ತು. ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಂಡು ಬಂದಿದ್ದೆ.

"ಹೇಗೂ ಬೆಸೆಯುತ್ತೀರಲ್ಲ ಡಾಕ್ಟರ್," ಎಂದೆ, "ಬಗ್ಗಿಸಿಯೇ ಬೆಸೆಯಿರಿ."

ಅವರಿಗೆ ಅರ್ಥವಾಗಲಿಲ್ಲ. ನಾನು ಕುರ್ಚಿಯಿಂದ ಎದ್ದು, ಗೋಡೆ ಹಿಡಿದುಕೊಂಡು, ಬಲ ಮಂಡಿಯೂರಿ ತೋರಿಸಿದೆ. ನಮ್ಮ ದೋಣಿಯಲ್ಲಿ ಮಂಡಿ ಹೀಗೆ ಒಂದೇ ಕೋನದಲ್ಲಿರುತ್ತದೆ, ಓಟವಿಡೀ ಕದಲುವುದಿಲ್ಲ, ಕೆಲಸವೆಲ್ಲ ಸೊಂಟ, ಬೆನ್ನು, ಭುಜದ್ದು. ಎಡಗಾಲನ್ನು ಇದೇ ಕೋನಕ್ಕೆ ಬೆಸೆದರೆ ಸಾಕು. ನೋವಿಲ್ಲದ ಗಟ್ಟಿ ಮಂಡಿ, ನನಗೆ ಬೇಕಾದದ್ದೇ ಅದು. ನನಗಿನ್ನೂ ಇಪ್ಪತ್ತೇಳು, ಕಡಿಮೆಯೆಂದರೂ ನಾಲ್ಕೈದು ವರ್ಷ ಓಡಿಸಬಲ್ಲೆ. ಹೀಗೆ ಒಂದೇ ಉಸಿರಿನಲ್ಲಿ ಹೇಳಿದೆ. ಡಾಕ್ಟರು ಮೊದಲು ನಕ್ಕರು. ನಾನು ನಗದಿರುವುದನ್ನು ನೋಡಿ ಅವರ ನಗು ನಿಂತಿತು.

"ದಡಕ್ಕೆ ಬಂದ ಮೇಲೆ?" ಎಂದರು.

"ಊರುಗೋಲಿದೆ."

"ನಾಲ್ಕೈದು ವರ್ಷ ಆದ ಮೇಲೆ?"

ಅದಕ್ಕೆ ನಾನು ಉತ್ತರ ಯೋಚಿಸಿರಲಿಲ್ಲ. ನೆಲದ ಮೇಲೆ ಮಂಡಿಯೂರಿದವನು ಹಾಗೆಯೇ ಇದ್ದೆ. ಆಗ ಅಪ್ಪ ಗಂಟಲು ಸರಿಮಾಡಿಕೊಂಡರು. ಮೂವತ್ತೈದು ವರ್ಷ ಮೇಲಧಿಕಾರಿಗಳ ಮುಂದೆ ತೂಗಿ ತೂಗಿ ಮಾತಾಡಿದವರು, ತಮ್ಮ ತುಮಕೂರಿನ ಹಿಂದಿಯಲ್ಲಿ ಅಷ್ಟೇ ನಿಧಾನವಾಗಿ ಹೇಳಿದರು: "ಡಾಕ್ಟರ್ ಸಾಹಬ್, ಅವನು ಕೇಳಿದ ಹಾಗೆ ಮಾಡೋಕೆ ಸಾಧ್ಯವಿದ್ದರೆ ಮಾಡಿ. ದಡದಲ್ಲಿ ನಾವಿರ್ತೀವಿ. ನಾನು ಎತ್ತಿಕೊಳ್ತೀನಿ."

ನಾನು ತಿರುಗಿ ನೋಡಿದೆ. ಅರವತ್ತು ದಾಟಿದ, ಬೆಳಗ್ಗೆಯಷ್ಟೇ ಮೂರು ಮಹಡಿ ಇಳಿಯುವಾಗ ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಿದ್ದ ಅಪ್ಪ. ಸುಮ್ಮನೆ ಆಡಿದ ಮಾತಾಗಿರಲಿಲ್ಲ ಅದು. ನಿಜವಾಗಿಯೂ ಎತ್ತಿಕೊಳ್ಳುವ ಲೆಕ್ಕದಲ್ಲೇ ಇದ್ದರು. ನನ್ನ ಆಸೆಯ ಭಾರ ಇಷ್ಟು ದಿನ ನನ್ನ ಮೈಮೇಲೆ ಮಾತ್ರ ಇದೆ ಎಂದುಕೊಂಡಿದ್ದೆ. ಗೋಡೆ ಹಿಡಿದು ಏಳಲು ಹೋದೆ, ಆಗಲಿಲ್ಲ. ಅಪ್ಪನೇ ಬಂದು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರು.

"ನೆಟ್ಟಗೆ ಬೆಸೆದುಬಿಡಿ ಡಾಕ್ಟರ್," ಎಂದೆ.

ಅವರು ಬರೆದುಕೊಂಡರು. ದಾಖಲಾಗುವ ಮೊದಲಿನ ರಕ್ತಪರೀಕ್ಷೆಗೆ ನಮ್ಮನ್ನು ಅದೇ ಓಣಿಯ ಕೊನೆಗೆ ಕಳಿಸಿದರು. ಟೋಕನ್ ಕೊಟ್ಟು ಕೂರಿಸಿದರು. ನಾನು ಕಾಲು ಚಾಚಿ ಕೂತೆ. ಮೈಯೆಲ್ಲ ಖಾಲಿಯಾದ ಹಾಗಿತ್ತು. ಒಂಬತ್ತು ವರ್ಷದ ನೀರು, ಮುಂದಿನ ಸಲದ ಪದಕ, ಸತ್ಪಾಲನ ಹಿಂದಿನ ಆ ಜಾಗ, ಎಲ್ಲವನ್ನೂ ಒಂದು ಮಾತಿನಲ್ಲಿ ಕೊಟ್ಟು ಬಂದಿದ್ದೆ. ಆ ದುಃಖ ಇಂದಿಗೂ ಹೋಗಿಲ್ಲ. ಕಾಲು ವಾಸಿಯಾಗಿದೆ, ಬಾಗದ ಕಾಲಿನಲ್ಲೇ ಮೆಟ್ರೋ ಹತ್ತಿ ಇಳಿದು ಆಫೀಸಿಗೆ ಹೋಗುತ್ತೇನೆ, ಮದುವೆಯೂ ಆಯಿತು. ದುಃಖ ಮಾತ್ರ ಇದೆ, ಇರಲಿ ಎಂದು ಬಿಟ್ಟಿದ್ದೇನೆ.

ಅಪ್ಪ ಕೈಯಲ್ಲಿದ್ದ ಟೋಕನ್ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ನೋಡದೆಯೇ ಹೇಳಿದರು, "ಇಷ್ಟು ವರ್ಷದಲ್ಲಿ ನಾನು ಒಂದು ದಿನವೂ ಬಂದು ನೋಡಲಿಲ್ಲ ಕಣೋ."

"ನಿಮಗೆ ಆಫೀಸಿರ್ತಿತ್ತಲ್ಲಪ್ಪ."

"ಭಾನುವಾರ ಆಫೀಸು ಎಲ್ಲಿತ್ತು?" ಟೋಕನ್ ಜೇಬಿಗೆ ಹಾಕಿಕೊಂಡು, "ಹೇಗಿರುತ್ತೆ ಅದು? ಹೇಳು" ಎಂದರು.

ಹೇಗೆ ಹೇಳುವುದು? ಮೊದಲಿನಿಂದ ಶುರು ಮಾಡಿದೆ. ಸಾಲಾಗಿ ದೋಣಿಗಳು ನಿಲ್ಲುತ್ತವಪ್ಪ, ಗಾಳಿ ಬಂದರೆ ಮೂತಿ ತಿರುಗುತ್ತೆ, ಅದನ್ನು ನೆಟ್ಟಗಿಡುವುದು ನನ್ನ ಕೆಲಸ. ಸತ್ಪಾಲ್ ಉಸಿರು ಎಳೆದುಕೊಂಡದ್ದು ಅವನ ಬೆನ್ನಲ್ಲಿ ಕಾಣುತ್ತೆ. ನಾನೂ ಎಳೆದುಕೊಳ್ತೀನಿ. ಗುಂಡಿನ ಸದ್ದಾಗುತ್ತೆ. ಮೊದಲ ನಾಲ್ಕು ಹುಟ್ಟು ನೀರು ಗೋಡೆ ಥರ ಇರುತ್ತೆ, ಐದನೆಯದಕ್ಕೆ ದೋಣಿ ನೀರಿನಿಂದ ಮೇಲಕ್ಕೇಳುತ್ತೆ. ಹೇಳುತ್ತಾ ಹೇಳುತ್ತಾ ನನ್ನ ಎರಡೂ ಕೈ ಎಡಗಡೆ ಎಳೆಯತೊಡಗಿದ್ದವು. ಎದುರಿನ ಬೆಂಚಿನವರು ನೋಡುತ್ತಿದ್ದರು.

ಕಿಟಕಿಯಲ್ಲಿ ನಮ್ಮ ನಂಬರು ಕೂಗಿದರು. ನಾನು ನಿಲ್ಲಿಸಿದೆ. ಅಪ್ಪ ಏಳಲಿಲ್ಲ. ಜೀವನದಲ್ಲಿ ಒಂದು ಸಾಲಿನಲ್ಲೂ ಸರದಿ ಬಿಟ್ಟುಕೊಡದ ಮನುಷ್ಯ, ಹಿಂದಿದ್ದವರಿಗೆ ನೀವು ಹೋಗಿ ಎಂದು ಕೈ ಮಾಡಿ, ನನ್ನ ಕಡೆ ಪೂರ್ತಿಯಾಗಿ ತಿರುಗಿ ಕೂತರು.

"ಮೇಲಕ್ಕೆದ್ದಿತು," ಎಂದರು. "ಆಮೇಲೆ?"